ಎ ಕೋರ್, ಎಂ ಕೋರ್ ನಡುವಿನ ಡೋರ್‌ಬೆಲ್‌ಗೆ ಲಿನಕ್ಸ್ ಮೇಲ್‌ಬಾಕ್ಸ್ ಡ್ರೈವರ್: 22ನೇ ಕಿಕ್‌ಗೆ ಎರರ್ ಯಾಕೆ?

ಹೊಸಬೋರ್ಡು

ಚಿಪ್‌ನಲ್ಲಿ ಲಿನಕ್ಸ್ ಓಡುವ ಎರಡು ಎ ಕೋರ್, ಆರ್‌ಟಿಒಎಸ್ (ರಿಯಲ್‌ಟೈಮ್ ಓಎಸ್) ಓಡುವ ಚಿಕ್ಕ ಎಂ ಕೋರ್ ಒಂದು ಇವೆ. ನಡುವೆ 8 ಚಾನೆಲ್‌ಗಳ ಡೋರ್‌ಬೆಲ್ ಬ್ಲಾಕ್, ಅಂದರೆ ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಇಂಟರಪ್ಟ್ ಕೊಟ್ಟು ಕರೆಯುವ ಹಾರ್ಡ್‌ವೇರ್. ಪ್ರತಿ ದಿಕ್ಕಿಗೂ ನಾಲ್ಕು ರಿಜಿಸ್ಟರ್: ಸೆಟ್, ಸ್ಟೇಟಸ್, ಕ್ಲಿಯರ್, ಮಾಸ್ಕ್ (ಇಂಟರಪ್ಟ್ ತಡೆಯಲು). ಕಳಿಸುವ ಕಡೆಯವರು ಸೆಟ್‌ನಲ್ಲಿ 1 ಬರೆದರೆ ಸ್ಟೇಟಸ್ ಬಿಟ್ ಏರಿ ಎದುರು ಕಡೆಗೆ ಇಂಟರಪ್ಟ್ ಹೋಗುತ್ತದೆ. ಅವರು ಕ್ಲಿಯರ್‌ನಲ್ಲಿ 1 ಬರೆದಾಗ ಬಿಟ್ ಇಳಿಯುತ್ತದೆ. ಇಳಿದಾಗ ಕಳಿಸಿದವರಿಗೆ ಇಂಟರಪ್ಟ್ ಬರುವುದಿಲ್ಲ. ಡೇಟಾಗೆ ರಿಜಿಸ್ಟರ್ ಇಲ್ಲ, ಹಂಚಿಕೊಂಡ ರ‍್ಯಾಮ್ ಒಂದೇ ದಾರಿ.

ಎಸ್‌ಟಿಎಂ32ಎಂಪಿ157 ಚಿಪ್‌ನ ಇಂಥದೇ ಬ್ಲಾಕ್ ಆದ ಐಪಿಸಿಸಿಯ ಡ್ರೈವರನ್ನು ಮಾದರಿಯಾಗಿ ಇಟ್ಟುಕೊಂಡು ಮೇಲ್‌ಬಾಕ್ಸ್ ಡ್ರೈವರ್ ಬರೆದಾಗಿದೆ. ಮೇಲೆ ರಿಮೋಟ್‌ಪ್ರಾಕ್ (ಎಂ ಕೋರನ್ನು ಲೋಡ್ ಮಾಡಿ ಓಡಿಸುವುದು), ಅದರ ಮೇಲೆ ಆರ್‌ಪಿಎಂಎಸ್‌ಜಿ (ಸಂದೇಶ ಸಾಗಿಸುವುದು). ಕಿಕ್, ಅಂದರೆ ಸಂದೇಶ ಇದೆ ಎಂದು ಗಂಟೆ ಬಾರಿಸುವುದು, 21 ಸಲ ಎರರ್ ಇಲ್ಲದೆ ಹೋಗುತ್ತದೆ. 22ನೆಯದಕ್ಕೆ ಮೈನಸ್ 105, ಅಂದರೆ ಇನೋಬಫ್ಸ್ (ಬಫರ್ ಜಾಗ ಇಲ್ಲ). ಪ್ರತಿ ಸಲವೂ ಇದೇ ಲೆಕ್ಕ. ಆದರೆ ಎಂ ಕೋರ್ ಕಡೆ ಇಂಟರಪ್ಟ್ ಬಂದಿರುವುದು ಒಂದೇ ಸಲ. ಕ್ಯೂ ಉದ್ದ ಹೆಚ್ಚಿಸಿ ಎಂದು ಲಾಗ್ ಹೇಳುತ್ತಿದೆ. 20ನ್ನು 200 ಮಾಡಿದರೆ 201 ಸಲ ಹೋಗುತ್ತದೆ, ಆಮೇಲೆ ಅದೇ ಕಥೆ.

ಇನ್ನೊಂದು ಪ್ರಶ್ನೆ. ಇಷ್ಟು ಚಿಕ್ಕ ಬ್ಲಾಕ್‌ಗೆ ಬೇರೆ ಮೇಲ್‌ಬಾಕ್ಸ್ ಡ್ರೈವರ್ ಬೇಕೇ, ರಿಮೋಟ್‌ಪ್ರಾಕ್ ಡ್ರೈವರ್ ಒಳಗೇ ಸೆಟ್ ರಿಜಿಸ್ಟರ್‌ಗೆ ಬರೆದರೆ ಸಾಲದೇ?

ಗಂಟೆಚಾನೆಲ್

21 ಅನ್ನುವ ಸಂಖ್ಯೆಯಲ್ಲೇ ಉತ್ತರ ಇದೆ. ಮೇಲ್‌ಬಾಕ್ಸ್ ಚೌಕಟ್ಟಿನಲ್ಲಿ ಪ್ರತಿ ಚಾನೆಲ್‌ಗೆ 20 ಸಂದೇಶ ಹಿಡಿಯುವ ಕ್ಯೂ ಇದೆ, ಜೊತೆಗೆ "ಈಗ ತಂತಿಯ ಮೇಲಿದೆ" ಎಂದು ಗುರುತು ಹಾಕಿಟ್ಟ ಒಂದು ಸಂದೇಶ. ಮೊದಲ ಸಂದೇಶ ನಿಮ್ಮ ಸೆಂಡ್_ಡೇಟಾ ಮೂಲಕ ಹಾರ್ಡ್‌ವೇರ್‌ಗೆ ಹೋಗಿ ಆಕ್ಟಿವ್_ರೆಕ್ ಜಾಗದಲ್ಲಿ ಕೂರುತ್ತದೆ. ಅದು ಮುಗಿಯಿತು ಎಂದು ಯಾರಾದರೂ ಹೇಳುವವರೆಗೆ ಮುಂದಿನವು ಕ್ಯೂನಲ್ಲೇ ನಿಲ್ಲುತ್ತವೆ. 1 + 20 = 21. ಯಾರೂ ಹೇಳುತ್ತಿಲ್ಲ, ಆದ್ದರಿಂದ 22ನೆಯದಕ್ಕೆ ಜಾಗ ಇಲ್ಲ. ಎಂ ಕೋರ್‌ಗೆ ಒಂದೇ ಇಂಟರಪ್ಟ್ ಬಂದದ್ದೂ ಅದಕ್ಕೇ: ಉಳಿದ 20 ಹಾರ್ಡ್‌ವೇರ್ ಮುಟ್ಟಿಯೇ ಇಲ್ಲ.

ಕಂಟ್ರೋಲರ್ ರಚನೆಯಲ್ಲಿ ಟಿಎಕ್ಸ್‌ಡನ್_ಐಆರ್‌ಕ್ಯೂ (ಕಳಿಸಿದ್ದು ಮುಗಿದದ್ದನ್ನು ಇಂಟರಪ್ಟ್ ಹೇಳುತ್ತದೆ) ಸಾಲನ್ನು ಐಪಿಸಿಸಿಯಿಂದ ಹಾಗೇ ತಂದು ಟ್ರೂ ಇಟ್ಟಿರುತ್ತೀರಿ. ಐಪಿಸಿಸಿಯಲ್ಲಿ ಚಾನೆಲ್ ಖಾಲಿಯಾದಾಗ ಕಳಿಸಿದವರಿಗೆ ಬೇರೆಯೇ ಇಂಟರಪ್ಟ್ ಬರುತ್ತದೆ, ಆ ಹ್ಯಾಂಡ್ಲರ್ ಎಂಬಾಕ್ಸ್_ಚಾನ್_ಟಿಎಕ್ಸ್‌ಡನ್ ಕರೆಯುತ್ತದೆ. ನಿಮ್ಮ ಬ್ಲಾಕ್‌ನಲ್ಲಿ ಆ ಇಂಟರಪ್ಟೇ ಇಲ್ಲ. ಇಲ್ಲದ್ದನ್ನು ಇದೆ ಎಂದು ಚೌಕಟ್ಟಿಗೆ ಹೇಳಿದ್ದೀರಿ, ಅದು ನಂಬಿ ಕಾಯುತ್ತಿದೆ. ಕ್ಯೂ ಉದ್ದವನ್ನು 20ಕ್ಕೇ ವಾಪಸ್ ಇಡಿ, ತಪ್ಪು ಅಲ್ಲಿಲ್ಲ.

ನಿಮ್ಮ ಹಾರ್ಡ್‌ವೇರ್ ಪ್ರಾಮಾಣಿಕವಾಗಿ ಹೇಳಬಲ್ಲದ್ದು ಒಂದೇ: ಸ್ಟೇಟಸ್ ಬಿಟ್ ಇಳಿದಿದೆಯೋ ಇಲ್ಲವೋ. ಅದಕ್ಕಿರುವುದು ಪೋಲಿಂಗ್, ಅಂದರೆ ಆಗಾಗ ಓದಿ ನೋಡುವುದು. ಟಿಎಕ್ಸ್‌ಡನ್_ಐಆರ್‌ಕ್ಯೂ ತೆಗೆದು ಟಿಎಕ್ಸ್‌ಡನ್_ಪೋಲ್ ಟ್ರೂ ಮಾಡಿ, ಟಿಎಕ್ಸ್‌ಪೋಲ್_ಪೀರಿಯಡ್ 1 ಇಡಿ (ಘಟಕ ಮಿಲಿಸೆಕೆಂಡ್). ಲಾಸ್ಟ್_ಟಿಎಕ್ಸ್_ಡನ್ ಒಳಗೆ ಸ್ಟೇಟಸ್ ಓದಿ ಆ ಚಾನೆಲ್‌ನ ಬಿಟ್ 0 ಇದ್ದರೆ ಟ್ರೂ ಹಿಂದಿರುಗಿಸಿ. ಈ ಫಂಕ್ಷನ್ ಬರೆಯದೆ ಪೋಲ್ ಮಾತ್ರ ಆನ್ ಮಾಡಿದರೆ ನೋಂದಣಿಯೇ ಇಇನ್‌ವ್ಯಾಲ್ ಎರರ್ ಕೊಟ್ಟು ಬಿದ್ದುಹೋಗುತ್ತದೆ.

ಬೇರೆ ಡ್ರೈವರ್ ಬೇಕೇ ಎಂದು ಕೇಳಿದಿರಿ. ಖಂಡಿತ ಬೇಕು. 8 ಚಾನೆಲ್‌ಗಳಲ್ಲಿ ರಿಮೋಟ್‌ಪ್ರಾಕ್ ಬಳಸುವುದು ಮೂರೋ ನಾಲ್ಕೋ. ನಾಳೆ ಚಿಪ್‌ನ ಗಡಿಯಾರವನ್ನೋ (ಕ್ಲಾಕ್) ಪವರ್ ಡೊಮೇನನ್ನೋ ಎಂ ಕೋರ್ ನೋಡಿಕೊಳ್ಳುವಂತಾದರೆ ಆ ಡ್ರೈವರ್‌ಗೂ ಇದೇ ಬ್ಲಾಕ್‌ನ ಚಾನೆಲ್ ಬೇಕು. ಒಂದೇ ಮಾಸ್ಕ್ ರಿಜಿಸ್ಟರನ್ನು ಎರಡು ಡ್ರೈವರ್ ಮುಟ್ಟುವ ಪರಿಸ್ಥಿತಿ ಬರಬಾರದು. ಡ್ರೈವರ್‌ಗಳು ತಮ್ಮತಮ್ಮಲ್ಲೇ ಡೋರ್‌ಬೆಲ್ ಕೋಡ್ ಬಚ್ಚಿಟ್ಟುಕೊಳ್ಳುವುದನ್ನು ತಪ್ಪಿಸಲೆಂದೇ 2014ರಲ್ಲಿ, 3.18ರಲ್ಲಿ, ಸಾಮಾನ್ಯ ಮೇಲ್‌ಬಾಕ್ಸ್ ಚೌಕಟ್ಟು ಬಂದದ್ದು.

ಓದುಗ_7

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ಎ ಕೋರ್‌ಗಳು ತಮ್ಮಲ್ಲಿ ಐಪಿಐ (ಕೋರ್‌ನಿಂದ ಕೋರ್‌ಗೆ ಇಂಟರಪ್ಟ್) ಕಳಿಸಿಕೊಳ್ಳುತ್ತವಲ್ಲ, ಅದನ್ನೇ ಎಂ ಕೋರ್‌ಗೂ ಕಳಿಸಲಾಗದೇ?

ಗಂಟೆಚಾನೆಲ್

ಆಗುವುದಿಲ್ಲ. ಆ ಐಪಿಐ ಎಂದರೆ ಎ ಕೋರ್‌ಗಳ ಇಂಟರಪ್ಟ್ ಕಂಟ್ರೋಲರ್ ಆದ ಜಿಐಸಿ ಒಳಗಿನ ಎಸ್‌ಜಿಐ (ಸಾಫ್ಟ್‌ವೇರ್ ಎಬ್ಬಿಸುವ ಇಂಟರಪ್ಟ್). ಅದೇ ಜಿಐಸಿಗೆ ಸೇರಿದ ಕೋರ್‌ಗಳಿಗಷ್ಟೇ ತಲುಪುತ್ತದೆ. ಎಂ ಕೋರ್‌ಗೆ ತನ್ನದೇ ಇಂಟರಪ್ಟ್ ಕಂಟ್ರೋಲರ್, ಎನ್‌ವಿಐಸಿ. ಎರಡನ್ನೂ ಜೋಡಿಸುವ ತಂತಿಯೇ ಡೋರ್‌ಬೆಲ್ ಬ್ಲಾಕ್.

ರಿಂಗ್‌ಬಫರ್

ಪೋಲಿಂಗ್ ಸಲಹೆಗೆ ನನ್ನ ತಕರಾರು ಇದೆ. ಆರ್‌ಪಿಎಂಎಸ್‌ಜಿಗೆ ಬೇಕಿರುವುದು "ಗಂಟೆ ಬಾರಿಸಿ", ಅಷ್ಟೇ. ವಿಷಯ ಇರುವುದು ವಿರಿಂಗ್‌ನಲ್ಲಿ, ಅಂದರೆ ಹಂಚಿಕೊಂಡ ಮೆಮೊರಿಯಲ್ಲಿರುವ ಬಫರ್‌ಗಳ ಸಾಲಿನಲ್ಲಿ. ಐದು ಸಲ ಬಾರಿಸಿದರೂ ಒಂದು ಸಲ ಬಾರಿಸಿದರೂ ಎದ್ದು ಬಂದವರು ಬಾಗಿಲಲ್ಲಿರುವ ಎಲ್ಲವನ್ನೂ ಒಳಗೆ ತೆಗೆದುಕೊಳ್ಳುತ್ತಾರೆ. ಹಿಂದಿನ ಗಂಟೆಗೆ ಎಂ ಕೋರ್ ಓಗೊಟ್ಟಿತೇ ಎಂದು ಎಚ್‌ಆರ್‌ಟೈಮರ್ ಇಟ್ಟು ಮಿಲಿಸೆಕೆಂಡಿಗೊಮ್ಮೆ ನೋಡುತ್ತ, ಮುಂದಿನ 20 ಗಂಟೆಗಳನ್ನು ಸಾಲಲ್ಲಿ ನಿಲ್ಲಿಸುವುದರಿಂದ ಲಾಭ ಇಲ್ಲ. ಸೆಕೆಂಡಿಗೆ ಸಾವಿರಾರು ಸಂದೇಶ ಹರಿಯುವಾಗ ಎಂ ಕೋರ್ ಸ್ವಲ್ಪ ನಿಧಾನಿಸಿದರೂ ಅದೇ ಇನೋಬಫ್ಸ್ ಮತ್ತೆ ಬರುತ್ತದೆ. ಇಂಥದ್ದಕ್ಕೆ ಸರಿಯಾದ್ದು ಎಸಿಕೆ ವಿಧಾನ. ಕ್ಲೈಂಟ್ (ಚಾನೆಲ್ ಬಳಸುವ ಡ್ರೈವರ್) ಕಳಿಸಿದ ತಕ್ಷಣ ತಾನೇ ಎಂಬಾಕ್ಸ್_ಕ್ಲೈಂಟ್_ಟಿಎಕ್ಸ್‌ಡನ್ ಕರೆದು "ಮುಗಿಯಿತು" ಎನ್ನಬೇಕು. ಕ್ವಾಲ್‌ಕಾಮ್ ಚಿಪ್‌ಗಳ ಹಲವು ಕ್ಲೈಂಟ್ ಡ್ರೈವರ್‌ಗಳು ಮಾಡುವುದು ಇದನ್ನೇ.

ಗಂಟೆಚಾನೆಲ್

ಕಿಕ್ ವಿಷಯದಲ್ಲಿ ನೀವು ಹೇಳಿದ್ದು ಸರಿ, ಒಪ್ಪಿದೆ. ಆದರೆ ಶಟ್‌ಡೌನ್ ಚಾನೆಲ್ ಬೇರೆ. ಎಂ ಕೋರ್‌ನ ರೀಸೆಟ್ ಎಳೆಯುವ ಮೊದಲು "ನಿಲ್ಲಿಸುತ್ತಿದ್ದೇವೆ" ಎಂದು ಹೇಳಿ, ಅದು ನಿಜಕ್ಕೂ ನೋಡಿತೇ ಎಂದು ಕಾಯಬೇಕು. ಅಲ್ಲಿ ಎಸಿಕೆ ಹಾಕಿದರೆ ಡ್ರೈವರ್ ಸುಳ್ಳು ಹೇಳಿದಂತೆ.

ಎರಡೂ ಒಂದೇ ಕಂಟ್ರೋಲರ್‌ನಲ್ಲಿ ಬಾಳುತ್ತವೆ. ಕಂಟ್ರೋಲರ್ ಪೋಲ್ ಎಂದೇ ನೋಂದಾಯಿಸಿಕೊಳ್ಳಲಿ. ಚಾನೆಲ್ ಕೇಳುವ ಕ್ಲೈಂಟ್ ತನ್ನ ರಚನೆಯಲ್ಲಿ ನೋಸ್_ಟಿಎಕ್ಸ್‌ಡನ್ ಟ್ರೂ ಇಟ್ಟರೆ ಚೌಕಟ್ಟು ಆ ಒಂದು ಚಾನೆಲನ್ನು ಮಾತ್ರ ಪೋಲ್‌ನಿಂದ ಎಸಿಕೆಗೆ ಬದಲಿಸುತ್ತದೆ, ಚಾನೆಲ್ ಬಿಟ್ಟುಕೊಟ್ಟಾಗ ಪೋಲ್‌ಗೆ ಮರಳಿಸುತ್ತದೆ. ಹಾಗಾಗಿ ಕಿಕ್‌ನ ಎರಡು ಚಾನೆಲ್‌ಗಳಾದ ವಿಕ್ಯೂ0, ವಿಕ್ಯೂ1 ಎರಡಕ್ಕೂ ನೋಸ್_ಟಿಎಕ್ಸ್‌ಡನ್ ಟ್ರೂ, ಟಿಎಕ್ಸ್_ಬ್ಲಾಕ್ (ಮುಗಿಯುವವರೆಗೆ ಕಾಯುವುದು) ಫಾಲ್ಸ್. ಶಟ್‌ಡೌನ್‌ಗೆ ಟಿಎಕ್ಸ್_ಬ್ಲಾಕ್ ಟ್ರೂ, ಟಿಎಕ್ಸ್_ಟೌಟ್ (ಕಾಯುವ ಮಿತಿ, ಮಿಲಿಸೆಕೆಂಡ್‌ನಲ್ಲಿ) 500. ಈ 500 ಮರೆಯಬೇಡಿ. 0 ಬಿಟ್ಟರೆ ಚೌಕಟ್ಟು 36,00,000 ಮಿಲಿಸೆಕೆಂಡ್ ಕಾಯುತ್ತದೆ, ಅಂದರೆ ಪೂರ್ತಿ ಒಂದು ಗಂಟೆ. ಸತ್ತ ಎಂ ಕೋರ್ ಮುಂದೆ ಸ್ಟಾಪ್ ಆಜ್ಞೆ ನೇತಾಡುತ್ತಿರುತ್ತದೆ.

ಕಳಿಸುವ ಪಾಯಿಂಟರ್ ಬಗ್ಗೆಯೂ ಎಚ್ಚರ. ಚೌಕಟ್ಟು ಸಂದೇಶವನ್ನು ನಕಲು ಮಾಡಿಕೊಳ್ಳುವುದಿಲ್ಲ, ಪಾಯಿಂಟರನ್ನಷ್ಟೇ ಇಟ್ಟುಕೊಳ್ಳುತ್ತದೆ. ಫಂಕ್ಷನ್ ಒಳಗಿನ ಸ್ಟ್ಯಾಕ್ ವೇರಿಯಬಲ್‌ನ ವಿಳಾಸ ಕೊಟ್ಟು ಹಿಂದಿರುಗಿದರೆ, ಕ್ಯೂನಿಂದ ಹೊರಬರುವ ಹೊತ್ತಿಗೆ ಅಲ್ಲಿರುವುದು ಬೇರೆ ಏನೋ. ಡೋರ್‌ಬೆಲ್‌ಗೆ ಡೇಟಾ ಬೇಡವಲ್ಲ ಎಂದು ನಲ್ ಕೊಡುವವರೂ ಇದ್ದಾರೆ. ಆಗ ಆಕ್ಟಿವ್_ರೆಕ್ ನಲ್ ಆಗಿಯೇ ಉಳಿಯುವುದರಿಂದ, ಬಹುಕಾಲ ಬಳಕೆಯಲ್ಲಿರುವ ಕೋಡ್‌ನಲ್ಲಿ ಮುಗಿದ ಸೂಚನೆ ಯಾರಿಗೂ ಹೋಗುವುದಿಲ್ಲ, ಟಿಎಕ್ಸ್_ಬ್ಲಾಕ್ ಜೊತೆ ನಲ್ ಬಂದರೆ ಟೈಮ್‌ಔಟ್ ಖಚಿತ. "ಕಿಕ್" ಎಂಬ ಸ್ಥಿರ ಸ್ಟ್ರಿಂಗ್ ಕೊಟ್ಟುಬಿಡಿ, ಎರಡೂ ತೊಂದರೆ ಇಲ್ಲ.

ಎಂಕೋರ್_ಕಡೆ

ಎಸಿಕೆಗೆ ಹೋಗುವುದಾದರೆ ಫರ್ಮ್‌ವೇರ್ ಒಂದು ಷರತ್ತು ಪಾಲಿಸಲೇಬೇಕು, ಅದನ್ನು ಯಾರೂ ಹೇಳಿಲ್ಲ. ಎಂ ಕೋರ್‌ನ ಹ್ಯಾಂಡ್ಲರ್ ಮೊದಲು ಕ್ಲಿಯರ್ ಬರೆಯಬೇಕು, ಆಮೇಲೆ ವಿರಿಂಗ್ ಓದಬೇಕು.

ಉಲ್ಟಾ ಮಾಡಿದರೆ ಹೀಗಾಗುತ್ತದೆ. ಬಿಟ್ 1 ಇದೆ. ಎಂ ಕೋರ್ ರಿಂಗ್ ಓದಿ ಖಾಲಿ ಮಾಡಿತು. ಅದೇ ಕ್ಷಣದಲ್ಲಿ ಲಿನಕ್ಸ್ ಹೊಸ ಬಫರ್ ಸೇರಿಸಿ ಸೆಟ್‌ಗೆ 1 ಬರೆಯಿತು. ಬಿಟ್ ಆಗಲೇ 1, ಏನೂ ಬದಲಾಗಲಿಲ್ಲ. ಈಗ ಎಂ ಕೋರ್ ಕ್ಲಿಯರ್ ಬರೆಯಿತು, ಬಿಟ್ 0. ಹೊಸ ಬಫರ್ ರಿಂಗ್‌ನಲ್ಲಿದೆ, ಗಂಟೆ ಅಳಿಸಿಹೋಯಿತು. ಲಿನಕ್ಸ್ ಇನ್ನೊಂದು ಸಂದೇಶ ಕಳಿಸಿದಾಗ ಎರಡೂ ಒಟ್ಟಿಗೆ ಸಿಗುತ್ತವೆ. ಹೊರಗಿನಿಂದ ನೋಡುವವರಿಗೆ ಕಾಣುವುದು "ಆಗೊಮ್ಮೆ ಈಗೊಮ್ಮೆ ಒಂದು ಉತ್ತರ ತಡವಾಗಿ ಬರುತ್ತದೆ". ಇದನ್ನು ಹುಡುಕಲು ಹೋದವರು ಷೆಡ್ಯೂಲರ್, ಕ್ಯಾಶ್, ಎಲ್ಲವನ್ನೂ ತಡಕಾಡುತ್ತಾರೆ.

ಮೊದಲೇ ಕ್ಲಿಯರ್ ಮಾಡಿದರೆ ಹೆಚ್ಚೆಂದರೆ ರಿಂಗ್ ಖಾಲಿ ಇರುವಾಗ ಒಂದು ಇಂಟರಪ್ಟ್ ವ್ಯರ್ಥ. ಅದರಿಂದ ನಷ್ಟ ಇಲ್ಲ. ಕ್ಲಿಯರ್ ಬರೆದ ಮೇಲೆ ರಿಂಗ್ ಓದುವ ಮುಂಚೆ ಒಂದು ಡಿಎಂಬಿ (ಮೆಮೊರಿ ಕ್ರಮ ಕಾಯುವ ಬ್ಯಾರಿಯರ್) ಹಾಕಿ.

ಐಪಿಸಿಸಿ ಡ್ರೈವರ್ ಓದಿದವರಿಗೆ ಇಲ್ಲಿ ಗೊಂದಲ ಆಗಬಹುದು, ಅಲ್ಲಿ ಮೊದಲು ಕಾಲ್‌ಬ್ಯಾಕ್, ಆಮೇಲೆ ಕ್ಲಿಯರ್ ಇದೆ. ಅಲ್ಲಿ ಅದು ನಡೆಯುತ್ತದೆ, ಯಾಕೆಂದರೆ ಚಾನೆಲ್ ಖಾಲಿಯಾಗುವವರೆಗೆ ಕಳಿಸುವವರು ಎರಡನೇ ಸಲ ಬಾರಿಸುವುದಿಲ್ಲ. ನೀವು ಎಸಿಕೆ ಆರಿಸಿದ ಕೂಡಲೇ ಆ ರಕ್ಷಣೆ ಹೋಯಿತು. ಲಿನಕ್ಸ್ ಕಡೆಯ ಆರ್‌ಎಕ್ಸ್ (ಸ್ವೀಕರಿಸುವ) ಹ್ಯಾಂಡ್ಲರ್‌ನಲ್ಲೂ ಇದೇ ಕ್ರಮ ಇಡಿ.

ಹೊಸಬೋರ್ಡು

ನೋಸ್_ಟಿಎಕ್ಸ್‌ಡನ್ ಹಾಕಿದ ಮೇಲೆ 21ರ ಗೋಡೆ ಹೋಯಿತು. ಫರ್ಮ್‌ವೇರ್‌ನಲ್ಲಿ ಕ್ಲಿಯರ್ ಕೊನೆಯಲ್ಲಿತ್ತು, ಮೇಲಕ್ಕೆ ತಂದಾಯಿತು.

ಈಗ ಬೇರೆಯದು. ಲಿನಕ್ಸ್‌ನಿಂದ ಎಂ ಕೋರ್ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ. ಬೂಟ್‌ಲೋಡರ್ ಆದ ಯು-ಬೂಟ್‌ನಲ್ಲೇ ಎಂ ಕೋರ್ ಸ್ಟಾರ್ಟ್ ಮಾಡಿ ಆಮೇಲೆ ಲಿನಕ್ಸ್ ಬೂಟ್ ಮಾಡಿದರೆ ಮೇಲ್‌ಬಾಕ್ಸ್ ಡ್ರೈವರ್‌ನ ಪ್ರೋಬ್ (ಡ್ರೈವರ್ ಆರಂಭವಾಗುವ ಫಂಕ್ಷನ್) ಹೊತ್ತಿಗೆ ನಲ್ ಪಾಯಿಂಟರ್ ಊಪ್ಸ್ (ಕರ್ನಲ್ ಕ್ರ್ಯಾಶ್). ಸ್ಟ್ಯಾಕ್‌ನಲ್ಲಿ ಮೇಲೆ ಎಂಬಾಕ್ಸ್_ಚಾನ್_ರಿಸೀವ್ಡ್_ಡೇಟಾ.

ಗಂಟೆಚಾನೆಲ್

ಎಂ ಕೋರ್ ಲಿನಕ್ಸ್‌ಗಿಂತ ಮೊದಲೇ ಎದ್ದು ಗಂಟೆ ಬಾರಿಸಿ ಕೂತಿದೆ. ನೀವು ಇಂಟರಪ್ಟ್ ಕೇಳಿಕೊಂಡ ಕ್ಷಣವೇ ಹ್ಯಾಂಡ್ಲರ್ ಓಡಿತು, ಆದರೆ ಆ ಚಾನೆಲನ್ನು ಇನ್ನೂ ಯಾವ ಕ್ಲೈಂಟೂ ತೆಗೆದುಕೊಂಡಿಲ್ಲ. ಆ ಫಂಕ್ಷನ್ ಚಾನೆಲ್‌ನ ಕ್ಲೈಂಟ್ ಪಾಯಿಂಟರ್ ಇದೆಯೇ ಎಂದು ನೋಡುವುದಿಲ್ಲ, ನೇರ ಅದರೊಳಗಿನ ಆರ್‌ಎಕ್ಸ್_ಕಾಲ್‌ಬ್ಯಾಕ್ ತೆಗೆಯುತ್ತದೆ. ಕ್ಲೈಂಟ್ ನಲ್, ಊಪ್ಸ್.

ಪ್ರೋಬ್‌ನಲ್ಲಿ ಕ್ರಮ ಹೀಗಿರಲಿ: ರಿಜಿಸ್ಟರ್ ಮ್ಯಾಪ್, ಗಡಿಯಾರ ಆನ್, ಎಲ್ಲ 8 ಚಾನೆಲ್‌ಗಳಿಗೂ ಮಾಸ್ಕ್, ಆಮೇಲೆ ಇಂಟರಪ್ಟ್ ಕೋರಿಕೆ, ಕೊನೆಗೆ ಡೆವ್‌ಎಂ_ಎಂಬಾಕ್ಸ್_ಕಂಟ್ರೋಲರ್_ರಿಜಿಸ್ಟರ್. ಮಾಸ್ಕ್ ತೆರೆಯುವುದು ಕ್ಲೈಂಟ್ ಚಾನೆಲ್ ತೆಗೆದುಕೊಂಡಾಗ ಓಡುವ ಸ್ಟಾರ್ಟಪ್ ಫಂಕ್ಷನ್‌ನಲ್ಲಿ, ಆ ಒಂದು ಚಾನೆಲ್‌ನದ್ದು ಮಾತ್ರ. ಪ್ರೋಬ್‌ನಲ್ಲಿ ಸ್ಟೇಟಸ್ ಬಿಟ್‌ಗಳನ್ನು ಒಟ್ಟಾರೆ ಅಳಿಸುವ ಅಭ್ಯಾಸ ಕೆಲವರಿಗಿದೆ. ಎಂ ಕೋರ್ ಮೊದಲೇ ಎದ್ದಿರುವ ನಿಮ್ಮ ಸಂದರ್ಭದಲ್ಲಿ ಅದು ನಿಜವಾದ ಗಂಟೆಯನ್ನೇ ಅಳಿಸುತ್ತದೆ. ಅಳಿಸಬೇಡಿ. ಮಾಸ್ಕ್ ತೆರೆದಾಗ ಕಾದಿದ್ದ ಗಂಟೆ ತಾನಾಗಿ ಕೇಳಿಸುತ್ತದೆ.

ಹ್ಯಾಂಡ್ಲರ್ ಸ್ಟೇಟಸನ್ನು ಓದಿದ ಮೇಲೆ ಮಾಸ್ಕ್ ಆಗಿರುವ ಬಿಟ್‌ಗಳನ್ನು ತೆಗೆದುಹಾಕಬೇಕು. ಇಂಟರಪ್ಟ್ ಬಂದದ್ದು ಚಾನೆಲ್ 0ಕ್ಕೆ, ಆದರೆ ಯಾರೂ ತೆರೆಯದ ಚಾನೆಲ್ 5ರ ಬಿಟ್ಟೂ 1 ಇದ್ದರೆ ಲೂಪ್ ಅದಕ್ಕೂ ಕಾಲ್‌ಬ್ಯಾಕ್ ಕರೆದು ಅದೇ ಊಪ್ಸ್ ಕೊಡುತ್ತದೆ.

ಚಾನೆಲ್ ಬಿಟ್ಟುಕೊಡುವಾಗ ಓಡುವ ಶಟ್‌ಡೌನ್ ಫಂಕ್ಷನ್‌ನಲ್ಲಿ ಮಾಸ್ಕ್ ಹಾಕಿ ಸಿಂಕ್ರೊನೈಸ್_ಐಆರ್‌ಕ್ಯೂ ಕರೆಯಿರಿ. ಶಟ್‌ಡೌನ್ ಮುಗಿದ ಕೂಡಲೇ ಚೌಕಟ್ಟು ಕ್ಲೈಂಟ್ ಪಾಯಿಂಟರನ್ನು ನಲ್ ಮಾಡುತ್ತದೆ. ಇನ್ನೊಂದು ಕೋರ್‌ನಲ್ಲಿ ಹ್ಯಾಂಡ್ಲರ್ ಅರ್ಧದಲ್ಲಿದ್ದರೆ ಮತ್ತೆ ಅಲ್ಲೇ ಬೀಳುತ್ತೀರಿ. ಮಾಡ್ಯೂಲ್ ತೆಗೆದು ಹಾಕಿ ಮಾಡುವಾಗ ಮಾತ್ರ ಕಾಣುವ ತಪ್ಪು ಇದು.

ಮಾಸ್ಕ್ ರಿಜಿಸ್ಟರ್ 8 ಚಾನೆಲ್‌ಗೂ ಒಂದೇ, ಓದಿ-ತಿದ್ದಿ-ಬರೆಯಬೇಕು, ಹಾಗಾಗಿ ಸ್ಪಿನ್‌ಲಾಕ್ ಬೇಕು, ಇಂಟರಪ್ಟ್ ಮುಚ್ಚುವ ರೂಪದ್ದು. ಸೆಟ್ ಮತ್ತು ಕ್ಲಿಯರ್‌ಗೆ ಲಾಕ್ ಬೇಡ, ಓದಲೂಬೇಡಿ, ಬೇಕಾದ ಒಂದು ಬಿಟ್ಟನ್ನಷ್ಟೇ ಬರೆಯಿರಿ. ಸ್ಟೇಟಸ್ ಓದಿ ಅದಕ್ಕೆ ಆರ್ ಮಾಡಿ ಕ್ಲಿಯರ್‌ಗೆ ಬರೆದರೆ ಬೇರೆ ಚಾನೆಲ್‌ಗಳ ಗಂಟೆಗಳೂ ಅಳಿಯುತ್ತವೆ.

ಸೆಂಡ್_ಡೇಟಾ ಒಳಗೆ ನಿದ್ರೆ ಮಾಡುವ ಯಾವುದೂ ಬರಬಾರದು. ಚೌಕಟ್ಟು ಅದನ್ನು ಚಾನೆಲ್‌ನ ಸ್ಪಿನ್‌ಲಾಕ್ ಹಿಡಿದೇ ಕರೆಯುತ್ತದೆ. ಗಡಿಯಾರ ಪ್ರಿಪೇರ್ ಮಾಡುವುದೆಲ್ಲ ಸ್ಟಾರ್ಟಪ್‌ನಲ್ಲಿ, ಅಲ್ಲಿ ನಿದ್ರೆಗೆ ಅಡ್ಡಿ ಇಲ್ಲ.

ರಿಂಗ್‌ಬಫರ್

ಥ್ರೆಡೆಡ್ ಇಂಟರಪ್ಟ್ ಬಳಸುವುದಾದರೆ ಐಆರ್‌ಕ್ಯೂಎಫ್_ಒನ್‌ಶಾಟ್ (ಥ್ರೆಡ್ ಮುಗಿಯುವವರೆಗೆ ಲೈನ್ ಮುಚ್ಚಿಡುವ ಗುರುತು) ಹಾಕಿ. ಪ್ರಾಥಮಿಕ ಹ್ಯಾಂಡ್ಲರ್ ನಲ್ ಇದ್ದು ಒನ್‌ಶಾಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಕರ್ನಲ್ ಕೋರಿಕೆಯನ್ನೇ ತಿರಸ್ಕರಿಸುತ್ತದೆ. ತಿರಸ್ಕರಿಸುವುದು ಒಳ್ಳೆಯದಕ್ಕೇ: ಲೆವೆಲ್ ಇಂಟರಪ್ಟ್‌ನಲ್ಲಿ ಥ್ರೆಡ್ ಓಡಿ ಕ್ಲಿಯರ್ ಮಾಡುವ ಮೊದಲೇ ಲೈನ್ ಮತ್ತೆ ತೆರೆದರೆ ಕೋರ್ ಅದರಲ್ಲೇ ಸುತ್ತುತ್ತದೆ.

ಡಿಟಿಎಸ್_ಓದುಗ

ಮೆಮೊರಿ ಬಗ್ಗೆ ಯಾರೂ ಮಾತಾಡಿಲ್ಲ. ಡೋರ್‌ಬೆಲ್ ಸರಿಯಾದ ಮೇಲೆ ಮುಂದಿನ ಪೆಟ್ಟು ಅಲ್ಲಿಂದಲೇ ಬರುತ್ತದೆ, ಆದ್ದರಿಂದ ಎಂಪಿ157ರ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ.

ಅಲ್ಲಿ ವಿರಿಂಗ್ 0 ಹೆಕ್ಸ್ 10040000ದಲ್ಲಿ, ವಿರಿಂಗ್ 1 ಹೆಕ್ಸ್ 10041000ದಲ್ಲಿ, ತಲಾ ಹೆಕ್ಸ್ 1000, ಅಂದರೆ 4096 ಬೈಟ್. ಬಫರ್‌ಗಳು ಹೆಕ್ಸ್ 10042000ದಿಂದ, ಅಳತೆ ಹೆಕ್ಸ್ 4000. ಈ 4000 ಸುಮ್ಮನೆ ಬಂದದ್ದಲ್ಲ. ಪ್ರತಿ ದಿಕ್ಕಿಗೆ 16 ಬಫರ್, ಒಂದೊಂದು 512 ಬೈಟ್: 2 × 16 × 512 = 16,384, ಹೆಕ್ಸ್‌ನಲ್ಲಿ 4000.

ವಿರಿಂಗ್ ಲೆಕ್ಕ: 16 ಬಫರ್‌ಗೆ, 16 ಬೈಟ್ ಅಲೈನ್‌ಮೆಂಟ್‌ನಲ್ಲಿ, ಡಿಸ್ಕ್ರಿಪ್ಟರ್ 16 × 16 = 256, ಅವೇಲ್ ಭಾಗ 38, ಸೇರಿ 294, ಅಲೈನ್ ಮಾಡಿದರೆ 304, ಯೂಸ್ಡ್ ಭಾಗ 134, ಒಟ್ಟು 438. 4096ರಲ್ಲಿ ಆರಾಮ. ಇದನ್ನೇ ಫರ್ಮ್‌ವೇರ್‌ನ ರಿಸೋರ್ಸ್ ಟೇಬಲ್‌ನಲ್ಲಿ 256ಕ್ಕೆ ಏರಿಸಿ ಡಿವೈಸ್ ಟ್ರೀ (ಲಿನಕ್ಸ್‌ಗೆ ಹಾರ್ಡ್‌ವೇರ್ ವರ್ಣಿಸುವ ಫೈಲ್) ಮುಟ್ಟದೆ ಬಿಟ್ಟರೆ ಒಂದೊಂದು ವಿರಿಂಗ್‌ಗೆ 6,678 ಬೈಟ್ ಬೇಕು, ಬಫರ್‌ಗಳಿಗೆ 256 ಕೆಬಿ ಬೇಕು. ಎರಡೂ ಹಿಡಿಸುವುದಿಲ್ಲ. ಬಫರ್ ಸಂಖ್ಯೆ ಬದಲಿಸುವವರು ಈ ಮೂರು ಜಾಗಗಳನ್ನೂ ಒಟ್ಟಿಗೆ ಬದಲಿಸಬೇಕು.

ವಿಳಾಸದ ವಿಷಯ. ಎರಡು ಕೋರ್‌ಗಳಿಗೂ ಒಂದೇ ರ‍್ಯಾಮ್ ಒಂದೇ ವಿಳಾಸದಲ್ಲಿ ಕಾಣಬೇಕೆಂದಿಲ್ಲ. ಎಂಪಿ157ರ 64 ಕೆಬಿ ರೆಟ್‌ರ‍್ಯಾಮ್ ಎ7ಗೆ ಹೆಕ್ಸ್ 38000000ದಲ್ಲಿ, ಎಂ4ಗೆ 0ಯಲ್ಲಿ. ಡಿವೈಸ್ ಟ್ರೀಯ ಡಿಎಂಎ-ರೇಂಜಸ್ ಆ ಅನುವಾದ ಹೇಳುತ್ತದೆ. ನಿಮ್ಮ ಚಿಪ್‌ನಲ್ಲಿ ಹೀಗಿದ್ದರೆ ರಿಮೋಟ್‌ಪ್ರಾಕ್ ಡ್ರೈವರ್ ಇದನ್ನು ಪಾಲಿಸಬೇಕು, ಇಲ್ಲದಿದ್ದರೆ ಫರ್ಮ್‌ವೇರ್‌ನ ಇಎಲ್‌ಎಫ್ ಫೈಲ್ ಲೋಡ್ ಆಗುವುದೇ ಇಲ್ಲ.

ಮೇಲ್‌ಬಾಕ್ಸ್ ನೋಡ್‌ಗೆ #ಎಂಬಾಕ್ಸ್-ಸೆಲ್ಸ್ 1 ಸಾಕು. ಆ ಒಂದು ಸಂಖ್ಯೆಯೇ ಚಾನೆಲ್ ಎಂದು ಚೌಕಟ್ಟಿನ ಡಿಫಾಲ್ಟ್ ಅನುವಾದ ತಿಳಿಯುತ್ತದೆ, ನೀವು ಬೇರೆ ಬರೆಯಬೇಕಿಲ್ಲ. ಚಾನೆಲ್‌ಗಳನ್ನು ಕ್ರಮಸಂಖ್ಯೆಯಿಂದಲ್ಲ, ಹೆಸರಿನಿಂದ ಕೇಳಿ. ಹಂಚಿಕೊಂಡ ಎಲ್ಲ ಭಾಗಗಳೂ ರಿಸರ್ವ್ಡ್-ಮೆಮೊರಿ ಅಡಿಯಲ್ಲಿ ನೋ-ಮ್ಯಾಪ್ ಜೊತೆ ಇರಲಿ.

ನಿಮ್ಮ ಎಂ ಕೋರ್‌ಗೆ ಡೇಟಾ ಕ್ಯಾಶ್ ಇದೆಯೇ? ಎಂ4 ಆದರೆ ಇಲ್ಲ, ಎಂ7 ಆದರೆ ಇರಬಹುದು. ಇದ್ದರೆ ವಿರಿಂಗ್ ಮತ್ತು ಬಫರ್ ಜಾಗವನ್ನು ಎಂಪಿಯು (ಮೆಮೊರಿ ರಕ್ಷಣಾ ಘಟಕ) ಮೂಲಕ ಕ್ಯಾಶ್ ಇಲ್ಲದ್ದಾಗಿ ಗುರುತಿಸಬೇಕು.

ಹೊಸಬೋರ್ಡು

ಎಂ4, ಕ್ಯಾಶ್ ಇಲ್ಲ. ಊಪ್ಸ್ ಹೋಯಿತು. ಚಾನೆಲ್ 5ರಲ್ಲಿ ನಿಜಕ್ಕೂ ಒಂದು ಬಿಟ್ ಬಾಕಿ ಇತ್ತು, ಮಾಸ್ಕ್ ಶೋಧ ಇಲ್ಲದಿದ್ದರೆ ಮತ್ತೆ ಬೀಳುತ್ತಿತ್ತು. ಈಗ ಆರ್‌ಪಿಎಂಎಸ್‌ಜಿ ಚಾನೆಲ್ ಹುಟ್ಟುತ್ತದೆ, ಪ್ರೋಬ್ ಆಗುತ್ತದೆ, ಆದರೆ ಎಂ ಕೋರ್ ಕಳಿಸಿದ ಸಂದೇಶಗಳು ಲಿನಕ್ಸ್ ಕಾಲ್‌ಬ್ಯಾಕ್‌ಗೆ ಬರುತ್ತಿಲ್ಲ. /ಪ್ರಾಕ್/ಇಂಟರಪ್ಟ್ಸ್‌ನಲ್ಲಿ ಎಣಿಕೆ ಏರುತ್ತಿದೆ.

ರಿಂಗ್‌ಬಫರ್

ಎಣಿಕೆ ಏರುತ್ತಿದೆ ಎಂದರೆ ಡೋರ್‌ಬೆಲ್ ತಪ್ಪಿಲ್ಲ. ಲಿನಕ್ಸ್ ಕಡೆಯಿಂದ ಮೊದಲ ಸಂದೇಶ ಹೋಗಿದೆಯೇ?

ಎಂ ಕೋರ್ ತನ್ನ ಸೇವೆಯ ಹೆಸರನ್ನು 53ನೇ ವಿಳಾಸಕ್ಕೆ ಸಾರುತ್ತದೆ. ಲಿನಕ್ಸ್ ಅದನ್ನು ಕೇಳಿ ಚಾನೆಲ್ ಸೃಷ್ಟಿಸಿ, ತನ್ನ ಕಡೆಯ ತುದಿಗೆ 1024 ಅಥವಾ ಅದರ ಮೇಲಿನ ಒಂದು ವಿಳಾಸ ಕೊಡುತ್ತದೆ. ಆ ವಿಳಾಸ ಎಂ ಕೋರ್‌ಗೆ ಹೇಗೆ ಗೊತ್ತಾಗಬೇಕು? ಲಿನಕ್ಸ್‌ನಿಂದ ಬರುವ ಮೊದಲ ಸಂದೇಶದ 16 ಬೈಟ್ ಹೆಡರ್‌ನಲ್ಲಿ ಕಳಿಸಿದವರ ವಿಳಾಸ ಓದಿಯೇ. ಅದಕ್ಕೂ ಮುಂಚೆ ಎಂ ಕೋರ್ ಕಳಿಸಿದ್ದು ಯಾರೂ ಇಲ್ಲದ ವಿಳಾಸಕ್ಕೆ ಹೋಗಿ ಬೀಳುತ್ತದೆ. ಪ್ರೋಬ್‌ನ ಕೊನೆಯಲ್ಲಿ ಲಿನಕ್ಸ್‌ನಿಂದ ಒಂದು ಚಿಕ್ಕ ಸಂದೇಶ ಕಳಿಸಿ, ಫರ್ಮ್‌ವೇರ್ ಅದು ಬರುವವರೆಗೆ ಸುಮ್ಮನಿರಲಿ.

512ರಲ್ಲಿ ಹೆಡರ್ 16 ಕಳೆದು ನಿಮಗೆ ಉಳಿಯುವುದು 496 ಬೈಟ್. 497 ಕಳಿಸಿದರೆ ಇಎಂಎಸ್‌ಜಿಸೈಜ್. ಬಫರ್‌ಗಳೆಲ್ಲ ಎಂ ಕೋರ್ ಬಳಿಯೇ ಉಳಿದರೆ ಸೆಂಡ್ 15 ಸೆಕೆಂಡ್ ಕಾದು ಎರರ್ ಕೊಡುತ್ತದೆ. ಟ್ರೈಸೆಂಡ್ ಕಾಯುವುದಿಲ್ಲ, ತಕ್ಷಣ ಇನೋಮೆಮ್. ಇಂಟರಪ್ಟ್ ಸಂದರ್ಭದಿಂದ ಕಳಿಸುವುದಾದರೆ ಎರಡೂ ಬೇಡ, ವರ್ಕ್‌ಕ್ಯೂಗೆ ಹಾಕಿ, ಒಳಗೆ ಮ್ಯೂಟೆಕ್ಸ್ ಇದೆ.

ಪ್ಯಾಚ್_ಸರಣಿ

ಮುಖ್ಯ ಕರ್ನಲ್‌ಗೆ ಕಳಿಸುವ ಯೋಚನೆ ಇದ್ದರೆ ಈಗಲೇ ವಿಂಗಡಿಸಿಕೊಳ್ಳಿ. ಮೊದಲ ಪ್ಯಾಚ್ ಡಿವೈಸ್ ಟ್ರೀ ಬೈಂಡಿಂಗ್, ವೈಎಎಂಎಲ್‌ನಲ್ಲಿ, ಡಿಟಿ_ಬೈಂಡಿಂಗ್_ಚೆಕ್ ದಾಟಿದ್ದು. ಎರಡನೆಯದು ಡ್ರೈವರ್, ಕೆಕಾನ್‌ಫಿಗ್, ಮೇಕ್‌ಫೈಲ್, ಮೇಂಟೇನರ್ಸ್ ಸಾಲು. ಬೋರ್ಡ್‌ನ ಡಿಟಿಎಸ್ ಬೇರೆ, ಅದು ಬೇರೆ ಮರದ ಮೂಲಕ ಹೋಗುತ್ತದೆ. ರಿಮೋಟ್‌ಪ್ರಾಕ್ ಡ್ರೈವರ್ ಬೇರೆಯೇ ಸರಣಿ. ಯಾರಿಗೆ ಕಳಿಸಬೇಕೆಂದು ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ.

ಬೈಂಡಿಂಗ್‌ನಲ್ಲಿ ಹಾರ್ಡ್‌ವೇರ್ ವರ್ಣನೆ ಮಾತ್ರ ಇರಲಿ. ಪೋಲಿಂಗ್ ಅವಧಿ, ಕ್ಯೂ ಉದ್ದ ಇಂಥವನ್ನು ಪ್ರಾಪರ್ಟಿ ಮಾಡಿದರೆ ಮೊದಲ ವಿಮರ್ಶೆಯಲ್ಲೇ ವಾಪಸ್ ಬರುತ್ತದೆ.

ಪರೀಕ್ಷೆಗೆ ಆರ್‌ಪಿಎಂಎಸ್‌ಜಿವರೆಗೆ ಕಾಯಬೇಡಿ. ಕರ್ನಲ್‌ನಲ್ಲೇ ಮೇಲ್‌ಬಾಕ್ಸ್-ಟೆಸ್ಟ್ ಕ್ಲೈಂಟ್ ಇದೆ. ಕಾನ್‌ಫಿಗ್_ಮೇಲ್‌ಬಾಕ್ಸ್_ಟೆಸ್ಟ್ ಆನ್ ಮಾಡಿ ಒಂದು ಖಾಲಿ ಚಾನೆಲ್‌ಗೆ ನೋಡ್ ಬರೆದರೆ ಡೀಬಗ್‌ಎಫ್‌ಎಸ್‌ನಲ್ಲಿ ಆ ಡಿವೈಸ್ ಹೆಸರಿನ ಫೋಲ್ಡರ್‌ನಲ್ಲಿ ಮೆಸೇಜ್ ಫೈಲ್ ಸಿಗುತ್ತದೆ. ಅದಕ್ಕೆ ಬರೆದು, ಎಂ ಕೋರ್ ಕಡೆ ಬಂದ ಗಂಟೆಗೆ ಗಂಟೆ ಹಿಂದಿರುಗಿಸುವ ಹತ್ತು ಸಾಲಿನ ಫರ್ಮ್‌ವೇರ್ ಇಟ್ಟು, ಎರಡೂ ಕಡೆಯ ಎಣಿಕೆ ಹೋಲಿಸಿ. ಒಂದೊಂದೇ ಕಳಿಸಿ ಉತ್ತರಕ್ಕೆ ಕಾಯುವಾಗ ಎರಡೂ ಸಮ ಇರಬೇಕು.

ಹೊಸಬೋರ್ಡು

ಮೊದಲ ಸಂದೇಶವೇ ಹೋಗಿರಲಿಲ್ಲ. ಪ್ರೋಬ್‌ನಲ್ಲಿ ಸೇರಿಸಿದ ಮೇಲೆ ಎರಡೂ ದಿಕ್ಕಿನಲ್ಲಿ ಹರಿಯುತ್ತಿದೆ. ಯು-ಬೂಟ್‌ನಿಂದ ಎದ್ದಾಗಲೂ ಸರಿ, ಸ್ಟಾಪ್ ಆಜ್ಞೆಯೂ 500 ಮಿಲಿಸೆಕೆಂಡ್ ಒಳಗೆ ಮುಗಿಯುತ್ತಿದೆ. ಒಂದು ಉಳಿದಿದೆ: ಸಸ್ಪೆಂಡ್ ಆದ ಮೇಲೆ ಎಂ ಕೋರ್ ಬಾರಿಸಿದರೆ ಲಿನಕ್ಸ್ ಏಳುವುದಿಲ್ಲ.

ಡಿಟಿಎಸ್_ಓದುಗ

ನಿಮ್ಮ ಆರ್‌ಎಕ್ಸ್ ಇಂಟರಪ್ಟ್ ನೇರ ಜಿಐಸಿಗೆ ಹೋಗುತ್ತಿದ್ದರೆ, ಗಾಢ ನಿದ್ರೆಯಲ್ಲಿ ಜಿಐಸಿಯೇ ಮಲಗಿರಬಹುದು. ಎಂಪಿ157ರಲ್ಲಿ ಇದೇ ಕಾರಣಕ್ಕೆ ಐಪಿಸಿಸಿಯ ಆರ್‌ಎಕ್ಸ್ ಲೈನ್ ನಿದ್ರೆಯಲ್ಲೂ ಎಚ್ಚರವಿರುವ ಎಕ್ಸ್‌ಟಿಐ ಎಂಬ ಕಂಟ್ರೋಲರ್‌ನ 61ನೇ ಲೈನ್ ಮೂಲಕ ಬರುತ್ತದೆ, ಟಿಎಕ್ಸ್ ಮಾತ್ರ ನೇರ ಜಿಐಸಿಗೆ. ನಿಮ್ಮ ಚಿಪ್‌ನಲ್ಲಿ ಸದಾ ಎಚ್ಚರವಿರುವ ಇಂಟರಪ್ಟ್ ಕಂಟ್ರೋಲರ್‌ಗೆ ಈ ಲೈನ್ ಸೇರಿದೆಯೇ ಎಂದು ಕೈಪಿಡಿ ನೋಡಿ. ಸೇರಿದ್ದರೆ ನೋಡ್‌ನಲ್ಲಿ ಇಂಟರಪ್ಟ್ ತಂದೆಯನ್ನು ಅದಕ್ಕೆ ಬದಲಿಸಿ, ವೇಕಪ್-ಸೋರ್ಸ್ ಸೇರಿಸಿ, ಪ್ರೋಬ್‌ನಲ್ಲಿ ಡೆವ್_ಪಿಎಂ_ಸೆಟ್_ವೇಕ್_ಐಆರ್‌ಕ್ಯೂ ಕರೆಯಿರಿ. ಸೇರಿಲ್ಲದಿದ್ದರೆ ಡ್ರೈವರ್‌ನಿಂದ ಆಗುವ ಕೆಲಸ ಅಲ್ಲ, ಎಂ ಕೋರ್‌ನಿಂದ ಒಂದು ಜಿಪಿಐಒ ಎಳೆದು ಎಬ್ಬಿಸಬೇಕು.